ಶಿಶುವಿನ ಕೊರಳೂ ಸೋದರಮಾವನ ಭಯವೂ

ಹೊಕ್ಕುಳಬಳ್ಳಿಯನ್ನು ಕೊರಳಿಗೆ ಸುತ್ತಿಕೊಂಡು ಹುಟ್ಟಿದ ಶಿಶುವು ಸೋದರಮಾವನಿಗೆ ಕೇಡೆಂಬ ನಂಬಿಕೆಯು ಈ ನಾಡಿನಲ್ಲಿ ಬಹುಕಾಲದಿಂದ ಬಂದುದು. ಮಾವನು ಅಂತಹ ಶಿಶುವಿನ ಮುಖವನ್ನು ನೇರವಾಗಿ ನೋಡದೆ, ಮೊದಲು ಬಟ್ಟಲಿನ ಎಣ್ಣೆಯಲ್ಲಿ ಅದರ ಪ್ರತಿಬಿಂಬವನ್ನು ಕಾಣಬೇಕೆಂಬ ಶಾಂತಿಯೂ ಅನೇಕ ಮನೆಗಳಲ್ಲಿ ಉಂಟು. ಲೋಕವನ್ನೇ ಕಾಣದಿದ್ದ ಜೀವಕ್ಕೆ ದೋಷವನ್ನು ಹೊರಿಸುವುದು ಧರ್ಮವೆ ಎಂಬುದು ವಿಚಾರಣೀಯವಾದ ವಿಷಯವು.

ಮೊದಲು ವಸ್ತುಸ್ಥಿತಿಯನ್ನು ನೋಡಬೇಕು. ಶಿಶುವಿನ ನಾಭಿನಾಡಿಯು ತಾಯಿಯ ರಸವಾಹಿನಿಗೆ ಸೇರಿಕೊಂಡಿದ್ದು, ಅದರ ಮೂಲಕವೇ ಗರ್ಭದ ಪೋಷಣೆಯಾಗುವುದೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ಆ ಬಳ್ಳಿಯ ಉದ್ದವು ಸಾಮಾನ್ಯವಾಗಿ ಸುಮಾರು 50 ಸೆಂಟಿಮೀಟರು. ಶಿಶುವು ಗರ್ಭದಲ್ಲಿ ಹೊರಳುವಾಗ ಅದರ ಒಂದು ಸುತ್ತು ಕೊರಳಿಗೆ ಬೀಳುವುದು ಅಪರೂಪವಲ್ಲ. ನಾಲ್ಕೈದು ಹೆರಿಗೆಗಳಲ್ಲಿ ಸುಮಾರು ಒಂದರಲ್ಲಿ ಹೀಗಾಗುತ್ತದೆ. ಗರ್ಭಸ್ಥ ಶಿಶುವು ಮೂಗುಬಾಯಿಗಳಿಂದ ಉಸಿರಾಡುವುದಿಲ್ಲವಾದುದರಿಂದ ಈ ಸುತ್ತು ನೇಣಲ್ಲ. ಬಳ್ಳಿಯೇ ಒತ್ತಿಹೋಗಿ ಅದರೊಳಗಿನ ರಕ್ತಸಂಚಾರವು ಕುಂದಿದರೆ ಅಪಾಯವುಂಟು. ಆದರೆ ಅದು ವಿರಳ. ತಲೆಯು ಹೊರಬಂದೊಡನೆ ಬಲ್ಲವರು ಕೊರಳನ್ನು ಬೆರಳಿನಿಂದ ತಡವಿ, ಸಡಿಲವಾದ ಸುತ್ತನ್ನು ತಲೆಯ ಮೇಲಿಂದ ಜಾರಿಸಿಬಿಡುವರು. ಬಸುರಿಯು ಹಗ್ಗ ದಾಟಿದುದರಿಂದ ಹೀಗಾಯಿತೆಂದು ತಾಯಿಯನ್ನು ದೂರುವುದಕ್ಕೂ ಆಧಾರವಿಲ್ಲ. ಇಷ್ಟು ಸಾಮಾನ್ಯವಾದ ಸಂಗತಿಯು ಮಾವಂದಿರಿಗೆ ಮೃತ್ಯುವಾಗಿದ್ದಲ್ಲಿ, ನಾಡಿನಲ್ಲಿ ಸೋದರಮಾವನೆಂಬವನನ್ನು ಹುಡುಕಬೇಕಾಗುತ್ತಿತ್ತು!

ಎಣ್ಣೆಯಲ್ಲಿ ಮುಖ ನೋಡಿದರೆ ಯಾರಿಗೇನು ನಷ್ಟ, ಮನಸ್ಸಿಗೆ ಸಮಾಧಾನವಾಗಲಿ ಎನ್ನುವವರುಂಟು. ಎಣ್ಣೆಯಿಂದ ನಷ್ಟವಿಲ್ಲ ನಿಜ, ನಷ್ಟವಿರುವುದು ಮಾತಿನಲ್ಲಿ. ಶಾಂತಿಯು ಒಂದು ದಿನಕ್ಕೆ ಮುಗಿಯುತ್ತದೆ, ದೋಷವೆಂಬ ಮಾತು ಮುಗಿಯುವುದಿಲ್ಲ. ಹತ್ತು ವರ್ಷಗಳ ಮೇಲೆ ಮಾವನ ಎತ್ತು ಸತ್ತರೂ ಬೆಳೆ ಒಣಗಿದರೂ ಆ ಮಗುವಿನ ನೆನಪಾಗುತ್ತದೆ. ಕಂಸನು ಅಳಿಯನಿಗೆ ಹೆದರಿದನು. ಆದರೆ ಪಾಪವಿದ್ದುದು ಶಿಶುವಿನಲ್ಲಲ್ಲ, ಆ ಭಯವು ಮಾಡಿಸಿದ ಕೃತ್ಯದಲ್ಲಿ.

ಅಶೋಕನ ಹೆಸರನ್ನೇ ಹೇಳುವ ಶಾಸನವು 1915ರಲ್ಲಿ ದೊರೆತುದು ಮಸ್ಕಿಯಲ್ಲಿ. ಅಲ್ಪನಾದವನೂ ಧರ್ಮನಿಷ್ಠನಾದರೆ ಉನ್ನತಿಯನ್ನು ಪಡೆಯಬಲ್ಲನೆಂದು ಅದು ಸಾರುತ್ತದೆ. ಅದೇ ಅರಸನು ತನ್ನ 9ನೆಯ ಮಹಾಶಿಲಾಶಾಸನದಲ್ಲಿ, ರೋಗ, ವಿವಾಹ, ಜನನಗಳಲ್ಲಿ ಜನರು ನಡೆಸುವ ಮಂಗಲಕರ್ಮಗಳನ್ನು ಬೇಡವೆನ್ನಲಿಲ್ಲ. ಅವುಗಳ ಫಲವು ಅಲ್ಪವೆಂದೂ, ಸೇವಕರಲ್ಲಿ ಸೌಜನ್ಯ, ಹಿರಿಯರಲ್ಲಿ ಗೌರವ, ಪ್ರಾಣಿಗಳಲ್ಲಿ ಸಂಯಮವೆಂಬ ಧರ್ಮಮಂಗಲದ ಫಲವು ಮಹತ್ತೆಂದೂ ತಿಳಿಸಿದನು.

ಈ ಮಾತು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಇಂದಿಗೂ ಸಲ್ಲುತ್ತದೆ. ಚೊಚ್ಚಲ ಹೆರಿಗೆಯು ತವರಿನಲ್ಲಾಗುವುದು ಇಲ್ಲಿಯ ರೂಢಿ. ಆದುದರಿಂದ ಶಿಶುವು ಬರುವುದು ಸೋದರಮಾವನ ಮನೆಗೇ. ನೋವು ಕಾಣಿಸಿಕೊಂಡೊಡನೆ ತಂಗಿಯನ್ನು ತಡಮಾಡದೆ ಆಸ್ಪತ್ರೆಗೆ ಮುಟ್ಟಿಸುವುದು, ಶಿಶುವಿನ ಎದೆಬಡಿತವನ್ನು ಬಲ್ಲವರು ಎಚ್ಚರದಿಂದ ಗಮನಿಸುತ್ತಿರುವಂತೆ ನೋಡಿಕೊಳ್ಳುವುದು, ಮಗುವನ್ನು ಮೊದಲು ಎತ್ತಿಕೊಂಡು ತಂಗಿಗೆ ಧೈರ್ಯ ಹೇಳುವುದು, ಇವೇ ಅವನ ಧರ್ಮಮಂಗಲ. ಹಿರಿಯರ ತೃಪ್ತಿಗಾಗಿ ಎಣ್ಣೆಯ ಬಟ್ಟಲನ್ನು ಇಡುವುದಾದರೆ ಇಡಲಿ; ಆದರೆ ಬಟ್ಟಲಿನಿಂದ ಕಣ್ಣೆತ್ತಿ ಮಗುವಿನ ಮುಖವನ್ನು ನೋಡುವಾಗ ಅವನ ಮನಸ್ಸಿನಲ್ಲಿ ಶಂಕೆಯಿರಬಾರದು.