ಭಾನುವಾರದ ಸಂದೇಶ: ಲೆಕ್ಕ ಹಾಕದೆ ಹಾಕಿಸಿದ ಮರದ ನೆಲ (ಲೂಕ 14:28–30)

ಸತ್ಯವೇದ ತೆಗೀರಿ, ಲೂಕ 14, 28ರಿಂದ 30. ಮೊಬೈಲ್‌ನಲ್ಲಿ ಓದುವವರು ವಾಟ್ಸಾಪ್ ಕಡೆ ಹೋಗಬೇಡಿ, ಆಯ್ತಾ?

ಗೋಪುರ ಕಟ್ಟಲು ಹೊರಟವನ ವಿಷಯ ಇದು. ಅಸ್ತಿವಾರ ಹಾಕಿದ, ಮುಗಿಸಲು ಆಗಲಿಲ್ಲ, ನೋಡಿದವರು ನಕ್ಕರು. ಕರ್ತನು ಇದನ್ನು ಹೇಳಿದ್ದು ಶಿಷ್ಯತ್ವದ ಬೆಲೆಯ ಬಗ್ಗೆ. ಬೈಬಲ್ ಕಾಲೇಜಿನಲ್ಲಿ ನಾನು ಇದರ ಮೇಲೆ ಪರೀಕ್ಷೆ ಬರೆದವನು. ಆದರೂ ಈ ವಚನ ನನಗೆ ಅರ್ಥ ಆಗಿದ್ದು ಕಳೆದ ವರ್ಷ, ನಮ್ಮ ಮನೆಯ ನೆಲದ ಮೇಲೆ ಕೂತಾಗ.

ಮುಂದಿನ ರೂಮಿಗೆ ಮರದ ನೆಲ ಹಾಕಿಸಬೇಕು ಅಂತ ನನಗೆ ಆಸೆ. ಕಾಟೇಜ್ ಪ್ರೇಯರ್‌ಗೆ ಬರುವವರು ತಣ್ಣನೆ ಟೈಲ್ಸ್ ಮೇಲೆ ಕೂರುತ್ತಾರಲ್ಲ, ಪಾಪ. (ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿದ್ದೆ, ಅದೂ ನಿಜ.) ರೂಮು 10ಕ್ಕೆ 12, ಅಂದರೆ 120 ಚದರಡಿ. ಎಂಜಿನಿಯರ್ಡ್ ವುಡ್, ಮೇಲೆ ಓಕ್ ಮರದ ಪದರ, ಕೆಳಗೆ ಪ್ಲೈ. ಚದರಡಿಗೆ 400 ಅಂದರು. 48,000. ಕೈಯಲ್ಲಿ 50,000 ಇತ್ತು. ಹಲ್ಲೆಲೂಯಾ ಅಂದೆ!

ಹೆಂಡತಿ ಕೇಳಿದಳು, "ರೀ, ಎಲ್ಲಾ ಸೇರಿಸಿ ಬರೆಸಿಕೊಂಡ್ರಾ?" ನಾನು ಅಂದೆ, "ದೇವರು ಒದಗಿಸ್ತಾನೆ, ನೀನು ಅವಿಶ್ವಾಸದ ಮಾತು ಆಡಬೇಡ." ಲೆಕ್ಕ ಹಾಕೋ ಸೋಮಾರಿತನಕ್ಕೆ ವಿಶ್ವಾಸ ಅಂತ ಹೆಸರಿಟ್ಟು ಅವಳ ಬಾಯಿ ಮುಚ್ಚಿಸಿದೆ. ಮೊದಲ ಪಾಪ ಅಲ್ಲೇ ಆಯ್ತು.

ಆಮೇಲೆ ಒಂದೊಂದೇ ಹೊರಗೆ ಬಂತು. ಕತ್ತರಿಸುವಾಗ ವೇಸ್ಟ್ ಆಗುತ್ತೆ ಅಂತ ಶೇ. 10 ಹೆಚ್ಚು ತರಬೇಕು, 132 ಚದರಡಿ. ಅದಕ್ಕೇ 52,800. ಜಿಎಸ್‌ಟಿ ಬೇರೆ, ಸುಮಾರು 9,500. ಕೆಳಗೆ ಹಾಸುವ ಫೋಮ್ 2,000. ಹಳೇ ನೆಲ ನಡುವೆ ತಗ್ಗಿತ್ತು, ಲೆವೆಲ್ ಮಾಡಲು 4,800. ಮಳೆಗಾಲದಲ್ಲಿ ಮರ ಉಬ್ಬುತ್ತೆ, ಅದಕ್ಕೆ ಗೋಡೆ ಪಕ್ಕ ಸಂದು ಬಿಡಬೇಕು, ಆ ಸಂದು ಮುಚ್ಚಲು ಸ್ಕರ್ಟಿಂಗ್, 3,280. ನೆಲ ಎತ್ತರ ಆಯ್ತು, ಬಾಗಿಲು ತೆಗೆಯೋಕೆ ಬರಲ್ಲ! ಬಾಗಿಲ ಅಡಿ ಕೊಯ್ಯಲು 500. ಕೊನೆಗೆ ಹಾಕುವವರ ಕೂಲಿ 4,800. ಒಟ್ಟು 77,000 ದಾಟಿತು.

ಅಂಗಡಿಯವನು ಪೂರ್ತಿ ದುಡ್ಡು ತಗೊಂಡೇ ಸಾಮಾನು ಕಳಿಸಿದ, ಅದಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಹಾಗಾದ್ರೆ ಯಾರ ದುಡ್ಡು ನಿಂತಿತು? ಮೊಣಕಾಲೂರಿ ಹಲಗೆ ಜೋಡಿಸಿದವನದ್ದು. ಶನಿವಾರ ಸಂಜೆ ಕೆಲಸ ಮುಗಿಸಿ ನಿಂತಿದ್ದ. "ಮುಂದಿನ ವಾರ ಹಾಕ್ತೀನಿ ಅಣ್ಣ" ಅಂದೆ. ಮೂರು ವಾರ ಹಾಗೇ ಹೋಯ್ತು. ಒಮ್ಮೆ ಅವನ ಫೋನ್ ಬಂದಾಗ ನಾನು ಸಂದೇಶ ತಯಾರಿ ಮಾಡ್ತಿದ್ದೆ. ಕಟ್ ಮಾಡಿದೆ.

ಆ ಶುಕ್ರವಾರ ಅದೇ ನೆಲದ ಮೇಲೆ ಕಾಟೇಜ್ ಪ್ರೇಯರ್. ಯಾಕೋಬನ ಪತ್ರಿಕೆ ಓದ್ತಾ ಇದ್ವಿ, 5ನೇ ಅಧ್ಯಾಯಕ್ಕೆ ಬಂದಿದ್ವಿ. 4ನೇ ವಚನ ನೋಡಿ. ಹಿಡಿದಿಟ್ಟ ಕೂಲಿ ಕೂಗುತ್ತದಂತೆ, ಆ ಮೊರೆ ದೇವರ ಕಿವಿಗೆ ಮುಟ್ಟುತ್ತದಂತೆ. ನನಗೆ ವಿವರಿಸಲು ಬಾಯಿ ಬರಲಿಲ್ಲ. "ಮುಂದಿನ ವಚನ" ಅಂದುಬಿಟ್ಟೆ. ಹೆಂಡತಿ ನನ್ನನ್ನೇ ನೋಡ್ತಿದ್ದಳು.

ಎಲ್ಲರೂ ಹೋದ ಮೇಲೆ ಅವಳ ಚೀಟಿ ದುಡ್ಡಿನಿಂದ 4,800 ಕಳಿಸಿ, ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು ಅಂದ, "ಪರವಾಗಿಲ್ಲ ಸರ್. ಜೊತೆಗೆ ಬಂದಿದ್ದ ಹುಡುಗನಿಗೆ ಅವತ್ತೇ ಕೊಟ್ಟೆ, ಬಡ್ಡಿಗೆ ತಂದು."

ಬಡ್ಡಿಗೆ ತಂದು! ಯಾಜಕಕಾಂಡ 19:13 ಬೆಳಗಿನ ತನಕವೂ ಕೂಲಿ ಇಟ್ಟುಕೊಳ್ಳಬಾರದು ಅನ್ನುತ್ತೆ. ಅವನು ಸತ್ಯವೇದ ಓದುವವನಲ್ಲ, ಆದರೂ ಅದನ್ನು ಪಾಲಿಸಿದ. ಪಾಸ್ಟರ್ ಪಾಲಿಸಲಿಲ್ಲ. ಬಡ್ಡಿ ಎಷ್ಟಂತ ಕೇಳಿ ಅದನ್ನೂ ಹಾಕಿದೆ.

ಈಗ ಒಳಗಿನ ರೂಮಿಗೂ ನೆಲ ಹಾಕಿಸಬೇಕು ಅಂತಿದೆ. ಈ ಸಲ ನೋಟ್‌ಬುಕ್ ಹೆಂಡತಿಯ ಕೈಯಲ್ಲಿದೆ, ಮೊದಲನೇ ಸಾಲಿನಲ್ಲೇ ಕೂಲಿ. ಆ ದುಡ್ಡು ಪೂರ್ತಿ ಕೂಡೋ ತನಕ ಟೈಲ್ಸೇ ಇರುತ್ತೆ.

ಪ್ರಿಯರೇ, ಈಗ ಪ್ರಾರ್ಥನೆಗೆ ಮುಂದೆ ಬರಲು ಕರೆಯುತ್ತಿದ್ದೇನೆ. ಆದರೆ ಮನೆಕೆಲಸದ ಅಕ್ಕನಿಗೋ, ಪೇಂಟರ್‌ಗೋ, ಡ್ರೈವರ್‌ಗೋ ಕೊಡಬೇಕಾದ ದುಡ್ಡು ಇಟ್ಟುಕೊಂಡಿದ್ದರೆ, ಮೊದಲು ಹೊರಗೆ ಹೋಗಿ ಒಂದು ಫೋನ್ ಮಾಡಿ ಬನ್ನಿ. ನಾವು ಕಾಯ್ತೇವೆ. ತಮ್ಮಾ, ನೀನು ಕೀಬೋರ್ಡ್ ನುಡಿಸ್ತಾ ಇರು.