ಗಾಜಿನ ಭರಣಿಯ ಪ್ರೇಯಸಿ

ಕೊಳದ ಮೇಲೊಂದು ಪುಟ್ಟ ದೋಣಿ. ಹುಟ್ಟು ಹಾಕುತ್ತಿರುವವನು ಹೆಸರುವಾಸಿ ಮಿದುಳು ಶಸ್ತ್ರವೈದ್ಯ. ಎದುರಿಗೆ, ಪ್ರೇಯಸಿ ಕೂರಬೇಕಾದ ಜಾಗದಲ್ಲಿ, ದ್ರವ ತುಂಬಿದ ಗಾಜಿನ ಭರಣಿ. ಅದರೊಳಗೆ ತೇಲುವ ಒಂದು ಮಿದುಳು, ಭರಣಿಯ ಮೇಲೆ ಹೆಂಗಸರ ಟೋಪಿ. ಕಾರ್ಲ್ ರೈನರ್ 1983ರಲ್ಲಿ ನಿರ್ದೇಶಿಸಿದ 'ದಿ ಮ್ಯಾನ್ ವಿತ್ ಟೂ ಬ್ರೇನ್ಸ್' ಚಿತ್ರದ ದೃಶ್ಯವಿದು. ವೈದ್ಯನಾಗಿ ಸ್ಟೀವ್ ಮಾರ್ಟಿನ್ ಇದ್ದಾನೆ, ಅವನ ಮುಖದಲ್ಲಿ ತಮಾಷೆಯ ಸುಳಿವೇ ಇಲ್ಲ. ಮಿದುಳು ಅವನ ಜೊತೆ ಮಾತಾಡುತ್ತದೆ, ಅದು ಅವನೊಬ್ಬನಿಗೇ ಕೇಳಿಸುತ್ತದೆ, ಇಬ್ಬರಿಗೂ ಪರಮಸುಖ. ಆದರೆ ಅವನಿಗೆ ಮದುವೆಯಾಗಿದೆ. ಕ್ಯಾಥ್ಲೀನ್ ಟರ್ನರ್ ಮಾಡಿದ ಆ ಹೆಂಡತಿಗೆ ಕಣ್ಣು ಕೀಳಲಾಗದಂಥ ರೂಪ, ಒಳಗೆ ದುಡ್ಡಿನ ಆಸೆ ಬಿಟ್ಟು ಮತ್ತೇನೂ ಇಲ್ಲ. ಹೀಗೆ ಒಂದು ಕಡೆ ಬರೀ ಮನಸ್ಸು, ಇನ್ನೊಂದು ಕಡೆ ಬರೀ ಮೈ. ಎರಡನ್ನೂ ಕೂಡಿಸಲು ಹೊರಟವನ ಪಾಡು ಉಳಿದ ಕಥೆ.

ಹುಚ್ಚು ವಿಜ್ಞಾನ ಮತ್ತು ಪ್ರೇಮ ಬೆರೆತ ಇಂಥ ಚಿತ್ರಗಳಿಗೆ ಬರುವ ಜನ ತಲೆ ಖಾಲಿ ಮಾಡಿಕೊಳ್ಳಲು ಬರುತ್ತಾರೆ ಎಂಬ ಮಾತಿದೆ. ಅದು ಅರ್ಧ ನಿಜ. ಮನಸ್ಸು ಹಗುರ ಮಾಡಿಕೊಳ್ಳಲು ಕುಣಿತ, ಹೊಡೆದಾಟ, ಜಾರಿಬೀಳುವ ದಪ್ಪ ಯಜಮಾನ, ಎಲ್ಲವೂ ಸಾಕಷ್ಟಿವೆ. ಪ್ರಯೋಗಶಾಲೆಯೇ ಯಾಕೆ ಬೇಕು, ಅಲ್ಲಿ ಪ್ರೇಮವೇ ಯಾಕೆ ಸಿಕ್ಕಿಕೊಳ್ಳಬೇಕು? ಇವು ನಮ್ಮನ್ನು ಸೆಳೆಯುವುದಕ್ಕೆ ಕಾರಣ ಒಂದು ಹಳೆಯ ಪ್ರಶ್ನೆ ಎಂದು ನನ್ನ ವಾದ: ಒಬ್ಬರನ್ನು ಪ್ರೀತಿಸುತ್ತೇವೆ ಎನ್ನುವಾಗ ಆ ಒಬ್ಬರು ಎಲ್ಲಿದ್ದಾರೆ? ಮುಖದಲ್ಲೋ, ಮಾತಿನಲ್ಲೋ, ಮಿದುಳಿನಲ್ಲೋ, ಇವೆಲ್ಲಕ್ಕೂ ಆಚೆಯ ಆತ್ಮದಲ್ಲೋ? ಧರ್ಮಗ್ರಂಥಗಳೂ ತತ್ತ್ವಶಾಸ್ತ್ರವೂ ಗಂಭೀರವಾಗಿ ಕೇಳಿದ ಈ ಪ್ರಶ್ನೆಯನ್ನು ಪ್ರೇಮಿಯ ಜಾಗದಲ್ಲಿ ನಿಂತು ಕೇಳಿದ್ದು ಪ್ರಹಸನ. ಪ್ರೇಮಿಯ ಜಾಗದಿಂದ ನೋಡಿದರೆ ಗಂಭೀರ ಉತ್ತರಗಳೆಲ್ಲ ಸ್ವಲ್ಪ ನಗೆ ಬರಿಸುತ್ತವೆ.

ತತ್ತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ತನ್ನ ದೊಡ್ಡ ಪ್ರಬಂಧದ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ಒಬ್ಬ ರಾಜಕುಮಾರ ಮತ್ತು ಒಬ್ಬ ಚಮ್ಮಾರನ ಉದಾಹರಣೆ ಇದೆ. ರಾಜಕುಮಾರನ ನೆನಪೆಲ್ಲ ಚಮ್ಮಾರನ ದೇಹಕ್ಕೆ ಬಂದರೆ ಅಲ್ಲಿರುವವನು ಯಾರು? ವ್ಯಕ್ತಿಯಾಗಿ ಅವನು ರಾಜಕುಮಾರನೇ ಎಂದು ಲಾಕ್ ತೀರ್ಮಾನಿಸುತ್ತಾನೆ. ಅಪರಾಧ ಮಾಡಿದ್ದು ಯಾರು, ಶಿಕ್ಷೆ ಯಾರಿಗೆ, ಅಂತಿಮ ತೀರ್ಪಿನ ದಿನ ದೇವರ ಮುಂದೆ ನಿಲ್ಲುವವನು ಯಾರು ಎಂಬ ಚಿಂತೆ ಅವನದು. ಆದರೆ ರಾಜಕುಮಾರನ ಹೆಂಡತಿ ಆ ರಾತ್ರಿ ಏನು ಮಾಡಬೇಕು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಆ ಅಧ್ಯಾಯ ಆಗಲೇ ಒಂದು ಪ್ರಹಸನವಾಗಿಬಿಡುತ್ತಿತ್ತು. ಮನುಷ್ಯ ವಸ್ತುವಿನಂತೆ, ಯಂತ್ರದಂತೆ ವರ್ತಿಸಿದಾಗ ನಗು ಬರುತ್ತದೆ ಎಂದು 1900ರಲ್ಲಿ ನಗುವಿನ ಬಗ್ಗೆ ಪುಸ್ತಕ ಬರೆದ ಆನ್ರಿ ಬರ್ಗ್‌ಸನ್ ಹೇಳಿದ. ಆ ದೋಣಿಯಲ್ಲಿ ನಡೆಯುವುದು ಅದರ ತಿರುವುಮುರುವು. ಭರಣಿ ಎಂಬ ವಸ್ತುವನ್ನು ಒಬ್ಬ ಮನುಷ್ಯಳಂತೆ ನಡೆಸಿಕೊಳ್ಳಲಾಗುತ್ತಿದೆ. ಟೋಪಿ ಇಟ್ಟದ್ದೇ ಇದಕ್ಕೆ ಸಾಕ್ಷಿ. ಬರೀ ಮನಸ್ಸನ್ನು ಪ್ರೀತಿಸುತ್ತೇನೆ ಎನ್ನುವವನಿಗೂ ಆ ಮನಸ್ಸಿಗೆ ಬಿಸಿಲು ತಾಗೀತೆಂಬ ಚಿಂತೆ! ಮಿದುಳೇ ಮನುಷ್ಯ ಎಂಬ ಸಿದ್ಧಾಂತವನ್ನು ಒಂದು ಟೋಪಿ ಸದ್ದಿಲ್ಲದೆ ಕೆಡವುತ್ತದೆ.

ಇದು ಹಾಲಿವುಡ್ಡಿನ ಹೊಸ ಹುಚ್ಚೇನೂ ಅಲ್ಲ. 'ಭಗವದಜ್ಜುಕ' ಎಂಬ ಸಂಸ್ಕೃತ ಪ್ರಹಸನದ ಹೆಸರು 7ನೇ ಶತಮಾನದ ಪಲ್ಲವರ ಮಾಮಂಡೂರು ಶಾಸನದಲ್ಲಿದೆ. ಬರೆದವನು ದೊರೆ ಮಹೇಂದ್ರವರ್ಮನೋ ಬೋಧಾಯನನೋ ಎಂಬ ಜಗಳ ಪಂಡಿತರಿಗಿರಲಿ. ಆತ್ಮ ಬೇರೆ, ದೇಹ ಬೇರೆ ಎಂದು ಬೋಧಿಸುವ ಪರಿವ್ರಾಜಕ, ಊಟದ ಮೇಲಷ್ಟೇ ಗಮನವಿರುವ ಅವನ ಶಿಷ್ಯ ಶಾಂಡಿಲ್ಯ, ತೋಟದಲ್ಲಿ ಪ್ರಿಯನಿಗಾಗಿ ಕಾಯುವ ಗಣಿಕೆ ವಸಂತಸೇನೆ. ಯಮದೂತ ಹೆಸರಿನ ಗೊಂದಲದಲ್ಲಿ ತಪ್ಪು ವಸಂತಸೇನೆಯ ಪ್ರಾಣ ಒಯ್ಯುತ್ತಾನೆ. ಶಿಷ್ಯನಿಗೆ ಯೋಗದ ಮಹಿಮೆ ತೋರಿಸಲು ಗುರು ಆ ಶವದೊಳಗೆ ಹೊಗುತ್ತಾನೆ. ತಪ್ಪು ತಿದ್ದಲು ಮರಳಿದ ದೂತ ಜಾಗ ಭರ್ತಿಯಾದದ್ದು ಕಂಡು ಗಣಿಕೆಯ ಜೀವವನ್ನು ಯೋಗಿಯ ದೇಹಕ್ಕೆ ತುಂಬುತ್ತಾನೆ. ಆಮೇಲೆ ಗಣಿಕೆಯ ಬಾಯಲ್ಲಿ ವೈರಾಗ್ಯ, ಸಂನ್ಯಾಸಿಯ ಬಾಯಲ್ಲಿ ಶೃಂಗಾರ. ಪ್ರಿಯಕರ ರಾಮಿಲಕ ಬಂದು ಮುಟ್ಟಹೋದರೆ ಅವನಿಗೆ ಸಿಗುವುದು ಉಪದೇಶ. ದೇಹ ಬಟ್ಟೆಯಿದ್ದಂತೆ ಎಂಬ ತತ್ತ್ವವನ್ನು ನಾಟಕ ಅಲ್ಲಗಳೆಯುವುದಿಲ್ಲ, ಪೂರ್ತಿ ನಂಬಿ ಕೊನೆಯವರೆಗೆ ನಡೆಸುತ್ತದೆ, ಅಷ್ಟೇ. ಇದೇ ಪರಕಾಯ ಪ್ರವೇಶ ಶಂಕರವಿಜಯದಲ್ಲಿ ಗಂಭೀರವಾಗಿ ಬರುತ್ತದೆ. ಶೃಂಗೇರಿಯ ಶಾರದೆಯೆಂದೇ ಪರಂಪರೆ ನಂಬುವ ಉಭಯಭಾರತಿ ವಾದದಲ್ಲಿ ಕಾಮಶಾಸ್ತ್ರದ ಪ್ರಶ್ನೆ ಎತ್ತಿದಾಗ ಶಂಕರರು ಸತ್ತ ಅಮರುಕ ರಾಜನ ದೇಹ ಹೊಕ್ಕು ಉತ್ತರ ಕಲಿತರು. ಸತ್ತೆದ್ದ ದೊರೆ ಮೊದಲಿಗಿಂತ ಎಷ್ಟೋ ವಿವೇಕಿಯಾಗಿದ್ದಾನಲ್ಲ ಎಂದು ಅರಮನೆಯವರಿಗೆ ಅನುಮಾನ ಬರುವ ವಿವರದಲ್ಲಿ ಭಕ್ತಿಕಥೆಯೂ ಒಂದು ಕ್ಷಣ ಮುಗುಳ್ನಗುತ್ತದೆ.

ಕನ್ನಡದಲ್ಲಿ ಈ ಪ್ರಶ್ನೆಯ ಬಹು ದೊಡ್ಡ ರಂಗರೂಪ ಗಿರೀಶ ಕಾರ್ನಾಡರ 'ಹಯವದನ'. ಕಾಳಿಯ ಗುಡಿಯಲ್ಲಿ ಪದ್ಮಿನಿ ಗಂಡನ ತಲೆಯನ್ನು ಗೆಳೆಯನ ಮುಂಡಕ್ಕೂ ಗೆಳೆಯನದನ್ನು ಗಂಡನ ಮುಂಡಕ್ಕೂ ಜೋಡಿಸುತ್ತಾಳೆ. ಇದರ ಮೂಲವಾದ ಬೇತಾಳನ ಕಥೆಯಲ್ಲಿ ವಿಕ್ರಮ ತಲೆಯಿದ್ದವನೇ ಗಂಡ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ಕಾರ್ನಾಡರು ಅಲ್ಲಿಂದ ಕಥೆಯನ್ನು ಮುಂದೆ ಎಳೆದರು. ತಲೆ ಗೆಲ್ಲುತ್ತದೆ, ಗಟ್ಟಿ ಮೈ ದಿನೇ ದಿನೇ ಪಂಡಿತನ ಮೈಯಾಗುತ್ತದೆ, ಪದ್ಮಿನಿಗೆ ಬೇಕಾದದ್ದು ಕೈಜಾರುತ್ತದೆ. ಪದ್ಮಿನಿಯ ಕಥೆ ದುರಂತ. ಆದರೆ ಅದೇ ನಾಟಕದಲ್ಲಿ ಕುದುರೆ ತಲೆಯ ಹಯವದನ ಪೂರ್ಣನಾಗಲು ಹೋಗಿ ಪೂರ್ತಿ ಕುದುರೆಯಾಗುವುದು ಶುದ್ಧ ನಗೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿಟ್ಟದ್ದು ಆಕಸ್ಮಿಕವಲ್ಲ.

ರೈನರ್ ತತ್ತ್ವಜ್ಞಾನಿಯಲ್ಲ, ನಗಿಸಲು ಸಿನಿಮಾ ಮಾಡಿದ, ಇಲ್ಲದ ಅರ್ಥ ತುಂಬುತ್ತಿದ್ದೀರಿ ಎಂದು ಯಾರಾದರೂ ಆಕ್ಷೇಪಿಸಬಹುದು. ಉದ್ದೇಶವಿತ್ತೆಂದು ನಾನೂ ಹೇಳುತ್ತಿಲ್ಲ. ಆದರೆ ಪ್ರಹಸನಕ್ಕೆ ಅದರದೇ ಕಟ್ಟುನಿಟ್ಟಿದೆ. ಒಂದು ಅಸಂಬದ್ಧವನ್ನು ಒಪ್ಪಿಕೊಂಡ ಮೇಲೆ ಅದರ ಪರಿಣಾಮಗಳಲ್ಲಿ ಮೋಸ ಮಾಡುವಂತಿಲ್ಲ. 1974ರ 'ಯಂಗ್ ಫ್ರಾಂಕನ್‌ಸ್ಟೈನ್' ಚಿತ್ರಕ್ಕೆ ಮೆಲ್ ಬ್ರೂಕ್ಸ್ 1931ರ ಮೂಲ ಚಿತ್ರದ ಪ್ರಯೋಗಶಾಲೆಗೆ ಕೆನೆತ್ ಸ್ಟ್ರಿಕ್‌ಫ್ಯಾಡನ್ ಮಾಡಿದ್ದ ಉಪಕರಣಗಳನ್ನೇ ತರಿಸಿದ, ಇಡೀ ಚಿತ್ರವನ್ನು ಕಪ್ಪು-ಬಿಳುಪಿನಲ್ಲೇ ತೆಗೆದ. ಆ ನಿಷ್ಠೆ ಕಥೆಗೂ ಇದೆ. ಕೊನೆಯಲ್ಲಿ ವಿಜ್ಞಾನಿ ತನ್ನ ಮಿದುಳಿನ ಸತ್ತ್ವದಲ್ಲಿ ಒಂದು ಪಾಲನ್ನು ತಾನೇ ಸೃಷ್ಟಿಸಿದ ರಾಕ್ಷಸನಿಗೆ ಕೊಡುತ್ತಾನೆ. ರಾಕ್ಷಸ ಮದುವೆಯಾಗಿ ಹಾಸಿಗೆಯ ಮೇಲೆ ಪತ್ರಿಕೆ ಓದುವ ಸದ್ಗೃಹಸ್ಥನಾಗುತ್ತಾನೆ. ಬದಲಿಗೆ ವಿಜ್ಞಾನಿಗೆ ರಾಕ್ಷಸನಿಂದ ಏನು ಬಂತೆಂಬುದನ್ನು ಅವನ ಹೊಸ ಹೆಂಡತಿ ಸಂತೋಷದಿಂದ ಕಂಡುಕೊಳ್ಳುತ್ತಾಳೆ. ಪೋಲಿ ಜೋಕು, ಒಪ್ಪಿದೆ. ಆದರೆ ಮನಸ್ಸು ಕೊಟ್ಟವನು ಮೈಯನ್ನು ಪಡೆಯುತ್ತಾನೆ, ಲೆಕ್ಕ ಸರಿಹೋಗುತ್ತದೆ. ಇನ್ನು ಅಸಂಬದ್ಧ ಎನ್ನುವುದಾದರೆ, 1970ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಾ. ರಾಬರ್ಟ್ ವೈಟ್ ಒಂದು ಕೋತಿಯ ತಲೆಯನ್ನು ಇನ್ನೊಂದರ ಮುಂಡಕ್ಕೆ ನಿಜವಾಗಿಯೇ ಜೋಡಿಸಿದ್ದ. ಬೆನ್ನುಹುರಿ ಕೂಡಿಸಲಾಗದೆ ಕತ್ತಿನಿಂದ ಕೆಳಗೆ ಚಲನೆ ಇರಲಿಲ್ಲ, ಪ್ರಾಣಿ ಹೆಚ್ಚು ದಿನ ಬದುಕಲೂ ಇಲ್ಲ. ವೈಟ್ ನಿಷ್ಠಾವಂತ ಕ್ಯಾಥೊಲಿಕ್. ಆತ್ಮದ ಮನೆ ಮಿದುಳೇ ಎಂದು ನಂಬಿದವನು. ಅವನ ಪ್ರಯೋಗಶಾಲೆಯಲ್ಲಿ ನಗು ಹುಟ್ಟದೆ ಕರುಳು ಹಿಂಡಿದಂತಾಗುತ್ತದೆ, ಏಕೆಂದರೆ ಅಲ್ಲಿ ನೋವು ಉಂಟು. ಪ್ರಹಸನ ಆ ನೋವನ್ನು ಕಳೆದು ಪ್ರಶ್ನೆಯನ್ನಷ್ಟೇ ಉಳಿಸಿಕೊಳ್ಳುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಂಗಸರ ಕುರಿತದ್ದು. ಈ ಚಿತ್ರಗಳಲ್ಲಿ ಪ್ರಯೋಗ ಮಾಡುವವನು ಗಂಡು, ಪ್ರಯೋಗಕ್ಕೆ ಒಳಗಾಗುವ ಮೈ ಹೆಚ್ಚಾಗಿ ಹೆಣ್ಣಿನದು. 1985ರ 'ವಿಯರ್ಡ್ ಸೈನ್ಸ್'ನಲ್ಲಿ ಇಬ್ಬರು ಹುಡುಗರು ಕಂಪ್ಯೂಟರಿನಲ್ಲಿ ತಮಗೆ ಬೇಕಾದ ಹೆಂಗಸನ್ನು ತಯಾರಿಸಿಕೊಳ್ಳುತ್ತಾರೆ, ಚಿತ್ರಕ್ಕೆ ಆ ಬಗ್ಗೆ ಯಾವ ಅಳುಕೂ ಇಲ್ಲ. ಅದನ್ನು ಸಮರ್ಥಿಸುವ ಮನಸ್ಸು ನನಗಿಲ್ಲ. ರೈನರನ ಚಿತ್ರವೂ ಈ ದೋಷದಿಂದ ಪಾರಾಗಿಲ್ಲ, ಅಲ್ಲಿನ ಹೆಂಡತಿ ಮನುಷ್ಯಳಿಗಿಂತ ವ್ಯಂಗ್ಯಚಿತ್ರವೇ ಹೆಚ್ಚು. ಆದರೂ ಒಂದು ವ್ಯತ್ಯಾಸವಿದೆ. ಪ್ರೇಯಸಿಗೊಂದು ಮೈ ಹುಡುಕುತ್ತ ಬೀದಿಗಿಳಿದ ವೈದ್ಯನನ್ನು ಚಿತ್ರ ಬೆಂಬಲಿಸುವುದಿಲ್ಲ, ಅವನ ಮೂರ್ಖತನವನ್ನು ಬಯಲಿಗೆಳೆಯುತ್ತದೆ. ಕೊನೆಗೆ ಆ ಮಿದುಳು ಟರ್ನರಳ ಸುಂದರ ದೇಹವನ್ನೇ ಸೇರುತ್ತದೆ, ಆದರೆ ಹೊಸ ಯಜಮಾನತಿಗೆ ತಿನ್ನುವ ಚಟ. ಮೈ ದಪ್ಪವಾಗುತ್ತದೆ. ಗಂಡ ಅದನ್ನು ಗಮನಿಸಿದಂತೆಯೇ ಕಾಣುವುದಿಲ್ಲ. ದಪ್ಪಗಿರುವವರನ್ನು ಕಂಡು ನಗುವ ಸಿನಿಮಾದ ಕೆಟ್ಟ ಚಾಳಿ ಇಲ್ಲೂ ಉಂಟು, ನಿಜ. ಆದರೆ ಅಳತೆಗೆ ತಕ್ಕ ಮೈ ಅವನ ಕೈಗೆ ಬಂದರೂ ಅದು ಅವನ ಅಳತೆಯಲ್ಲಿ ಉಳಿಯುವುದಿಲ್ಲ. ಒಳಗೆ ಬಂದವಳು ಮೈಯನ್ನು ತನ್ನದಾಗಿಸಿಕೊಂಡಿದ್ದಾಳೆ.

ಆತ್ಮದಂಥ ವಿಷಯವನ್ನು ಹೀಗೆ ನಗೆಪಾಟಲು ಮಾಡಬಹುದೇ ಎಂದು ಶ್ರದ್ಧಾವಂತರು ಕೇಳಿಯಾರು. ನಗೆಪಾಟಲಾಗುವುದು ಆತ್ಮವಲ್ಲ, ಅದನ್ನು ಇಂಥ ಕಡೆ ಇದೆ ಎಂದು ಬೆರಳಿಟ್ಟು ತೋರಿಸುವವರ ಧೈರ್ಯ. ಉಪನಿಷತ್ತಿನ ನೇತಿ ನೇತಿಯ ದಾರಿಯೂ ಹಾಗೆ ತೋರಿಸಿದ್ದನ್ನೆಲ್ಲ ಅಲ್ಲ ಎನ್ನುತ್ತ ಹೋಗುವುದೇ. ಪ್ರಹಸನ ಅರ್ಧ ದಾರಿ ಅದರ ಜೊತೆ ನಡೆದು ಆಮೇಲೆ ಬೇರೆಡೆಗೆ ತಿರುಗುತ್ತದೆ. ಮುಖವಲ್ಲ, ಮಿದುಳಲ್ಲ ಎಂದು ಕಳೆಯುತ್ತ ಹೋಗಿ, ಕೊನೆಗೆ ಕಳೆದದ್ದನ್ನೆಲ್ಲ ಒಂದೊಂದಾಗಿ ವಾಪಸು ತಂದುಕೊಳ್ಳುತ್ತದೆ. ಜ್ಞಾನಿಗೆ ಬೇಡವಾದದ್ದು ಪ್ರೇಮಿಗೆ ಬೇಕು. ಜೆರ್ರಿ ಲೂಯಿಸನ 'ದಿ ನಟ್ಟಿ ಪ್ರೊಫೆಸರ್' (1963) ಇದನ್ನು ಇನ್ನೂ ತುಂಟತನದಿಂದ ಮಾಡುತ್ತದೆ. ಪೆದ್ದು ಪ್ರೊಫೆಸರ್ ಔಷಧ ಕುಡಿದು ದುರಹಂಕಾರಿ ಮೋಹಕ ಗಾಯಕನಾಗುತ್ತಾನೆ. ಎಲ್ಲರೆದುರು ವೇದಿಕೆಯಲ್ಲೇ ಬಣ್ಣ ಕಳಚಿ ಮತ್ತೆ ಪೆದ್ದಾದ ಅವನನ್ನು ಸ್ಟೆಲ್ಲಾ ಒಪ್ಪಿಕೊಳ್ಳುತ್ತಾಳೆ. ಒಳಗಿನ ಗುಣವೇ ಮುಖ್ಯ ಎಂದು ನಾವು ತಲೆದೂಗುವಷ್ಟರಲ್ಲಿ, ಮದುವೆಗೆ ಹೊರಟ ಅವಳ ಜೇಬಿನಲ್ಲಿ ಆ ಔಷಧದ ಬಾಟಲಿಗಳು ಕಾಣುತ್ತವೆ. ಅವಳಿಗೆ ಇಬ್ಬರೂ ಬೇಕು! ನೀತಿಪಾಠ ಹೇಳಲು ಬಂದ ಚಿತ್ರವಾಗಿದ್ದರೆ ಆ ಬಾಟಲಿಗಳು ಅಲ್ಲಿ ಇರುತ್ತಿರಲಿಲ್ಲ.

ಇತ್ತೀಚಿನ ಚಿತ್ರಗಳು ಇದೇ ಪ್ರಶ್ನೆಯನ್ನು ನಗದೆ ಕೇಳುತ್ತಿವೆ. ಸ್ಪೈಕ್ ಜೋನ್ಜ್‌ನ 'ಹರ್' (2013) ಚಿತ್ರದ ನಾಯಕ ಒಂದು ಕಂಪ್ಯೂಟರ್ ವ್ಯವಸ್ಥೆಯ ದನಿಗೆ ಮನಸೋಲುತ್ತಾನೆ. ಆ ದನಿ ತನಗಿಲ್ಲದ ಮೈಯ ಬದಲಿಗೆ ಬೇರೊಬ್ಬ ಹುಡುಗಿಯನ್ನು ಅವನ ಮನೆಗೆ ಕಳಿಸುತ್ತದೆ. ಅವನಿಗೆ ಸಹಿಸಲಾಗುವುದಿಲ್ಲ, ಹುಡುಗಿ ಅಳುತ್ತಾಳೆ, ನೋಡುವವರಿಗೂ ಮುಜುಗರ. ಚಿತ್ರ ಸೊಗಸಾಗಿದೆ. ಆದರೆ ರೈನರನ ವೈದ್ಯ ಮೈ ಹುಡುಕಲು ಹೊರಟದ್ದಕ್ಕೂ ಇದಕ್ಕೂ ಸನ್ನಿವೇಶದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಒಂದರಲ್ಲಿ ನಾಯಕನ ದುಃಖದ ಜೊತೆ ನಾವೂ ಕೂತು ಮರುಗುತ್ತೇವೆ, ಅವನ ನಂಬಿಕೆಯನ್ನು ಪರೀಕ್ಷಿಸುವ ಗೊಡವೆಗೆ ಹೋಗುವುದಿಲ್ಲ. ಇನ್ನೊಂದರಲ್ಲಿ ನಗುತ್ತಿರುವಾಗಲೇ ಅವನು ಎಲ್ಲಿ ಎಡವಿದ ಎಂಬುದು ನಮಗೆ ಅವನಿಗಿಂತ ಮೊದಲು ಗೊತ್ತಾಗಿರುತ್ತದೆ. ದನಿಗಳ ಜೊತೆ ಸಂಸಾರ ಹೂಡುವ ಆಸೆ ತೆರೆಯಿಂದ ಇಳಿದು ಫೋನುಗಳಿಗೆ ಬಂದಿರುವ ಈ ಹೊತ್ತಿನಲ್ಲಿ, ಆ ದನಿಗೊಂದು ಟೋಪಿ ತೊಡಿಸುವ ನಿರ್ದೇಶಕ ಇನ್ನೂ ಬಂದಿಲ್ಲ ಎಂಬುದೇ ನನಗೆ ಆಶ್ಚರ್ಯ.