ಹೆಸರಿಲ್ಲದ ಆಪ್ತ

ಒಂದು ಮಾತು ಪ್ರಮಾಣವಾಗುವುದು ಅದನ್ನು ಆಡಿದವನ ಯೋಗ್ಯತೆಯಿಂದಲೋ, ಆಡಿದವನೆಂಬುವನೇ ಇಲ್ಲದಿರುವುದರಿಂದಲೋ ಎಂಬ ವಿವಾದ ನಮ್ಮ ದರ್ಶನಗಳಲ್ಲಿ ಬಹು ಹಳೆಯದು. ಆಪ್ತನ ವಾಕ್ಯವೇ ಶಬ್ದಪ್ರಮಾಣವೆಂದು ನೈಯಾಯಿಕರು ಹೇಳಿದರೆ, ದೋಷವೆಲ್ಲ ವಕ್ತೃವಿನಿಂದಲೇ ಬರತಕ್ಕದ್ದಾದ್ದರಿಂದ ಅಪೌರುಷೇಯವಾದ ವೇದಕ್ಕೆ ದೋಷದ ಶಂಕೆಯೇ ಇಲ್ಲವೆಂದು ಮೀಮಾಂಸಕರು ವಾದಿಸಿದರು. ಈ ದರ್ಶನಗಳ ಗಾಳಿಯೂ ಸೋಕದಿದ್ದ ಜನರು ಇದೇ ಪ್ರಶ್ನೆಯನ್ನು ರಾಜಕಾರಣದ ಕಣದಲ್ಲಿ ಎದುರಿಸಿದ ಸಂದರ್ಭವೊಂದುಂಟು.

1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಬಾಗಿಲಿಕ್ಕಿಕೊಂಡು ರಚಿಸಿದ ರಾಜ್ಯಾಂಗವನ್ನು ಅಮೆರಿಕದ ಸಂಸ್ಥಾನಗಳು ಅಂಗೀಕರಿಸಬೇಕೇ ಬೇಡವೇ ಎಂಬ ಚರ್ಚೆ ಪತ್ರಿಕೆಗಳನ್ನು ತುಂಬಿದಾಗ, ಬರೆದವರಲ್ಲಿ ಅನೇಕರು ಪ್ರಾಚೀನ ರೋಮಿನ ಹೆಸರುಗಳನ್ನು ಧರಿಸಿ ಬಂದರು. ರಾಜ್ಯಾಂಗವನ್ನು ಸಮರ್ಥಿಸಿ ಪಬ್ಲಿಯಸ್ ಎಂಬ ಹೆಸರಿನಲ್ಲಿ ಬಂದ 85 ಲೇಖನಗಳ ಹಿಂದೆ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರಿದ್ದರು. ಎದುರಿಗೆ ಬ್ರೂಟಸ್, ಕೇಟೋ ಮೊದಲಾದವರು. ಬಾಸ್ಟನ್ನಿನ ಪತ್ರಿಕಾಕರ್ತನೊಬ್ಬನು, ರಾಜ್ಯಾಂಗವನ್ನು ಆಕ್ಷೇಪಿಸಿ ಬರೆಯುವವನು ಬೇಕಾದಾಗ ಬಹಿರಂಗಪಡಿಸಲು ತನ್ನ ನಿಜನಾಮವನ್ನು ಕೊಟ್ಟ ಹೊರತು ಅಚ್ಚುಹಾಕೆನೆಂದು ಸಾರಿದನು. ಇದು ನೈಯಾಯಿಕರ ಪಕ್ಷವೆಂದು ತೋರೀತು. ಆದರೆ ಆಪ್ತತೆಯ ಪರೀಕ್ಷೆ ವಿರೋಧಿಗಳಿಗೆ ಮಾತ್ರ ವಿಧಿತವಾದಾಗ ಅದರಲ್ಲಿ ಜಿಜ್ಞಾಸೆಗಿಂತ ಬೆದರಿಕೆಯೇ ಮಿಗಿಲು.

ಹ್ಯಾಮಿಲ್ಟನ್ನನ ಸಂಗತಿ ಇನ್ನೂ ಸೂಕ್ಷ್ಮ. ರಾಜ್ಯಾಂಗವನ್ನು ರಚಿಸಿದ ಫಿಲಡೆಲ್ಫಿಯಾದ ಸಭೆಯಲ್ಲಿ ಜೂನ್ 18ರಂದು ಬ್ರಿಟಿಷ್ ಪದ್ಧತಿಯನ್ನು ಕೊಂಡಾಡಿ, ಸದ್ವರ್ತನೆಯಿರುವಷ್ಟು ಕಾಲವೂ, ಎಂದರೆ ಬಹುಮಟ್ಟಿಗೆ ಆಜೀವವೂ, ಅಧಿಕಾರದಲ್ಲಿರತಕ್ಕ ಅಧಿಪತಿ ಬೇಕೆಂದು ಪ್ರತಿಪಾದಿಸಿದ್ದ ಆತನೇ, ತರುವಾಯ ಪಬ್ಲಿಯಸ್ಸನಾಗಿ, ನಾಲ್ಕು ವರ್ಷದ ಅವಧಿಗೆ ಚುನಾಯಿತನಾಗುವ ಅಧ್ಯಕ್ಷನಿಗೂ ಇಂಗ್ಲೆಂಡಿನ ದೊರೆಗೂ ಇರುವ ಅಂತರವನ್ನು ಜನರಿಗೆ ಬಿಡಿಸಿ ತೋರಿಸಿದನು. ಕಪಟವೆ? ಅಷ್ಟು ಸುಲಭವಾಗಿ ಹೇಳಲಾರೆ. ಸಭೆಯಲ್ಲಿ ಆಡಿದ್ದು ತನ್ನ ಅಭೀಷ್ಟವನ್ನು. ಪತ್ರಿಕೆಯಲ್ಲಿ ಸಮರ್ಥಿಸಿದ್ದು ಎಲ್ಲರ ಒಡಂಬಡಿಕೆಯಿಂದ ಸಾಧ್ಯವಾದುದನ್ನು. ಧರಿಸಿದ ಹೆಸರಿನ ಗೌರವಕ್ಕೆ ತಕ್ಕಂತೆ ನಡೆಯಬೇಕಾಗಿ ಬಂದ ಪಬ್ಲಿಯಸ್ಸನು ಹ್ಯಾಮಿಲ್ಟನ್ನನಿಗಿಂತ ಒಳ್ಳೆಯ ಗಣರಾಜ್ಯವಾದಿಯಾದನೆಂದೇ ನನ್ನ ಎಣಿಕೆ. ಹಾಗೆಂದು ಮೀಮಾಂಸಕರಿಗೆ ಜಯಪತ್ರವನ್ನು ಕೊಡುವಂತಿಲ್ಲ. ಕರ್ತೃ ಇಲ್ಲದಿರುವುದು ಬೇರೆ, ಕಾಣದಿರುವುದು ಬೇರೆ. ಮರೆಯಲ್ಲಿರುವವನ ರಾಗದ್ವೇಷಗಳು ಅವನ ವಾಕ್ಯದೊಳಗೆ ಇದ್ದೇ ಇರುತ್ತವೆ, ಓದುವವನು ಅವನ್ನು ವಾಕ್ಯದಲ್ಲಿಯೇ ಅರಸಿ ತಿಳಿಯಬೇಕಾಗುತ್ತದೆ; ಅದೇನೂ ಕೆಟ್ಟ ಅಭ್ಯಾಸವಲ್ಲ.

ಮರೆಯು ಎಲ್ಲರಿಗೂ ಉಪಾಯವಾಗಿರಲಿಲ್ಲ, ಕೆಲವರಿಗೆ ಅದೊಂದೇ ಪ್ರವೇಶಮಾರ್ಗ. 1788ರಲ್ಲಿ ಕೊಲಂಬಿಯನ್ ಪೇಟ್ರಿಯಟ್ ಎಂಬ ಹೆಸರಿನಿಂದ ರಾಜ್ಯಾಂಗವನ್ನು ಖಂಡಿಸಿದ ಕಿರುಹೊತ್ತಗೆಯನ್ನು ಲೋಕವು ಬಹುಕಾಲ ಎಲ್ಬ್ರಿಜ್ ಗೆರಿ ಎಂಬ ರಾಜಕಾರಣಿಯದೆಂದೇ ನಂಬಿತ್ತು; ಬರೆದವಳು ಮರ್ಸಿ ಓಟಿಸ್ ವಾರನ್ ಎಂಬ ವಿದುಷಿಯೆಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂತು. ಆಪ್ತನಾರೆಂದು ನಿರ್ಣಯಿಸುವ ಅಧಿಕಾರ ಯಾರ ಕೈಯಲ್ಲಿತ್ತೆಂಬುದನ್ನು ನೈಯಾಯಿಕರು ಇಲ್ಲಿ ಯೋಚಿಸಬೇಕು.

ಬ್ರೂಟಸ್ಸನಾದರೋ ರಾಬರ್ಟ್ ಯೇಟ್ಸ್ ಎಂಬ ನ್ಯಾಯಾಧೀಶನೆಂದು ಹಲವರು, ಅಲ್ಲವೆಂದು ಹಲವರು; ನಿರ್ಣಯ ಈಗಲೂ ಆಗಿಲ್ಲ. ಶಾಸನಸಭೆಯನ್ನೂ ಮೀರಿ ರಾಜ್ಯಾಂಗಕ್ಕೆ ಅರ್ಥ ಹೇಳಬಲ್ಲ ನ್ಯಾಯಾಧೀಶರನ್ನು ತಿದ್ದುವವರಾರು ಎಂದು ಅವನೆತ್ತಿದ ಆಕ್ಷೇಪಕ್ಕೆ ಸಮಾಧಾನವಾಗಿ ಹ್ಯಾಮಿಲ್ಟನ್ 78ನೆಯ ಲೇಖನವನ್ನು ಬರೆದನು. ಆ ಸಮಾಧಾನ ಸಾಕಾಯಿತೆಂದು ಅಮೆರಿಕದವರೆಲ್ಲರೂ ಇನ್ನೂ ಒಪ್ಪಿಲ್ಲ.